ಮೊದಲ ಬೀಗ ಯಾವ ಆಕ್ಸಲ್‌ಗೆ?

ಅಳಿಯ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಮಾವ, ಇರೋ ದುಡ್ಡು ಒಂದು ಲಾಕರಿಗೆ ಸಾಲುತ್ತೆ, ಹಿಂದಿನ ಆಕ್ಸಲ್‌ಗೆ ಹಾಕಿಸ್ಲೋ, ಮುಂದಿನದಕ್ಕೋ" ಅಂತ. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಹೋದದ್ದು ಒಳ್ಳೆಯದೇ. ಇಲ್ಲದಿದ್ದರೆ "ಹಿಂದಿನದಕ್ಕೆ ಹಾಕಿಸು" ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿಬಿಡುತ್ತಿದ್ದೆ, ನೀನು ಮಾರನೇ ದಿನವೇ ಗಾಡಿ ತಗೊಂಡು ಹೊರಟುಬಿಡುತ್ತಿದ್ದೆ. ನನ್ನ ಉತ್ತರ ಈಗಲೂ ಹೆಚ್ಚುಕಮ್ಮಿ ಅದೇ. ಆದರೆ ಯಾಕೆ ಅಂತ ಗೊತ್ತಿಲ್ಲದೆ ಲಾಕರ್ ಹಾಕಿಸಿಕೊಂಡವನು ಅದನ್ನು ಯಾವಾಗ ಬಿಡಬೇಕು ಅನ್ನುವುದನ್ನೂ ತಿಳಿಯದೇ ಇರುತ್ತಾನೆ. ಆ ಜೀಪಿನಲ್ಲಿ ನನ್ನ ಅಕ್ಕ ಕೂರುತ್ತಾಳೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ನಿನ್ನ ಜೀಪಿನ ಹೊಟ್ಟೆಯೊಳಗೆ ಏನು ನಡೆಯುತ್ತದೆ ಅನ್ನುವುದನ್ನು ಮನಸ್ಸಿಗೆ ತಂದುಕೊ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಒಂದು ಹೇರ್‌ಪಿನ್ ತಿರುವು ತೆಗೆದುಕೊಂಡೆ ಅಂದುಕೊ. ಹಿಂದಿನ ಎರಡು ಗಾಲಿಗಳ ನಡುವೆ 1.4 ಮೀಟರ್ ಅಂತರ ಇದ್ದರೆ, ಆ ಒಂದು ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಸುಮಾರು 4.4 ಮೀಟರ್ ಹೆಚ್ಚು ಓಡಬೇಕು. ತಿರುವು ಅಗಲವಿರಲಿ, ಕಿರಿದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಎರಡು ಗಾಲಿಗೂ ಒಂದೇ ಸರಳು ಹಾಕಿ ಬಿಗಿದಿದ್ದರೆ ಒಂದು ಟಯರು ಟಾರಿನ ಮೇಲೆ ಉಜ್ಜಿಕೊಂಡೇ ಹೋಗಬೇಕಿತ್ತು. ಅದನ್ನು ತಪ್ಪಿಸಲಿಕ್ಕೆ ಡಿಫರೆನ್ಷಿಯಲ್ ಇರುವುದು. ಅದು ಎರಡೂ ಕಡೆಗೆ ಬೇರೆಬೇರೆ ವೇಗ ಕೊಡುತ್ತದೆ, ಆದರೆ ಬಲ ಮಾತ್ರ ಯಾವತ್ತೂ ಸಮ ಪಾಲು.

ಈ ಸಮ ಪಾಲೇ ಕೆಸರಿನಲ್ಲಿ ನಮ್ಮ ಶತ್ರು. ಎಡಗಾಲಿ ಹುದುಲಿನಲ್ಲಿದೆ, 50 ಕಿಲೋ ತಳ್ಳುವಷ್ಟರಲ್ಲಿ ಜಾರಿಬಿಡುತ್ತದೆ ಅನ್ನು. ಬಲಗಾಲಿ ಕಲ್ಲಿನ ಮೇಲಿದೆ, 300 ಕಿಲೋ ತಳ್ಳಿದರೂ ತಡೆಯುತ್ತದೆ. ಡಿಫರೆನ್ಷಿಯಲ್ ಬಲಗಾಲಿಗೂ 50 ಕಿಲೋ ಮಾತ್ರ ಕೊಡುತ್ತದೆ, ಎರಡೂ ಸೇರಿ 100. ಗಾಡಿ ಏಳುವುದಿಲ್ಲ. ಲಾಕ್ ಮಾಡಿದರೆ ಅದೇ ಜಾಗದಲ್ಲಿ 350 ಸಿಗುತ್ತದೆ. ಫೋರ್ ವೀಲ್ ಹಾಕಿದೆ ಅಂದರೂ ಲಾಕರ್ ಇಲ್ಲದ ಜೀಪಿನಲ್ಲಿ ಕೆಟ್ಟ ಜಾಗಕ್ಕೆ ಬಂದಾಗ ತಿರುಗುವುದು ಮುಂದೆ ಒಂದು ಗಾಲಿ, ಹಿಂದೆ ಒಂದು ಗಾಲಿ. ಮುಂದಿನ ಎಡಗಾಲಿ, ಹಿಂದಿನ ಬಲಗಾಲಿ ಎರಡೂ ಗಾಳಿಯಲ್ಲಿ ತಿರುಗುತ್ತಾ ಜೀಪು ಅಲ್ಲೇ ನಿಂತು ಗೋಗರೆಯುವುದನ್ನು ನೀನೂ ನೋಡಿದ್ದೀಯ. ಒಂದೇ ಒಂದು ಆಕ್ಸಲ್ ಲಾಕ್ ಆದರೆ ಮೂರು ಗಾಲಿ ಕೆಲಸಕ್ಕೆ ಬಂದ ಹಾಗೆ. ಆ ಮೂರನೆಯದು ಯಾವುದಿರಬೇಕು ಅನ್ನುವುದು ನಿನ್ನ ಪ್ರಶ್ನೆ.

ಏರು ಹತ್ತುವಾಗ ಗಾಡಿಯ ಭಾರ ಎಲ್ಲಿ ಹೋಗುತ್ತದೆ ನೋಡು. ಸಮ ನೆಲದಲ್ಲಿ ಮುಂದೆ ಅರ್ಧ, ಹಿಂದೆ ಅರ್ಧ ಭಾರ ಇದೆ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ 2.3 ಮೀಟರ್ ದೂರ, ಭಾರದ ಮಧ್ಯಬಿಂದು ನೆಲದಿಂದ 70 ಸೆಂಟಿಮೀಟರ್ ಮೇಲೆ ಅಂತ ಇಟ್ಟುಕೊಂಡು ನಾನು ಲೆಕ್ಕ ಹಾಕಿದೆ. 20 ಡಿಗ್ರಿ ಏರಿನಲ್ಲಿ ನೂರಕ್ಕೆ 61 ಪಾಲು ಹಿಂದಿನ ಆಕ್ಸಲ್ ಮೇಲೆ ಕೂರುತ್ತದೆ. 30 ಡಿಗ್ರಿಗೆ ಬಂದರೆ ಮೂರರಲ್ಲಿ ಎರಡು ಪಾಲು ದಾಟುತ್ತದೆ. ಹಿಂದೆ ಆಳುಗಳು ಕೂತಿದ್ದರೆ, ಗೊಬ್ಬರದ ಚೀಲ ಹೇರಿದ್ದರೆ ಇನ್ನೂ ಹೆಚ್ಚು. ಗಾಲಿಯ ಮೇಲೆ ಭಾರ ಇದ್ದಷ್ಟೇ ಹಿಡಿತ. ಭಾರವೇ ಇಲ್ಲದ ಎರಡು ಗಾಲಿಗಳನ್ನು ಒಟ್ಟಿಗೆ ಕಟ್ಟಿದರೆ ಎರಡೂ ಒಟ್ಟಿಗೆ ಜಾರುತ್ತವೆ. ಭಾರ ಹೊತ್ತ ಎರಡು ಗಾಲಿಗಳನ್ನು ಕಟ್ಟಿದರೆ ಗಾಡಿಯನ್ನು ನೂಕುತ್ತವೆ. ನಿನ್ನ ತೋಟದ ರಸ್ತೆಯಲ್ಲಿ ಸಿಕ್ಕಿಹಾಕಿಕೊಳ್ಳುವುದೆಲ್ಲ ಏರಿನಲ್ಲೇ. ಹಾಗಾಗಿ ಹಿಂದಿನದು.

ಕಾರ್ಖಾನೆಯವರ ಕ್ರಮವೂ ಇದೇ. 2020ರ ಥಾರ್‌ನಲ್ಲಿ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಕೊಟ್ಟದ್ದು ಹಿಂದಿನ ಆಕ್ಸಲ್‌ಗೆ. ಅಮೆರಿಕದ ಜೀಪ್ ಕಂಪನಿ 2003ರಲ್ಲಿ ರ‍್ಯಾಂಗ್ಲರ್ ರುಬಿಕಾನ್ ಹೊರತಂದಾಗ ಎರಡೂ ಕಡೆ ಲಾಕರ್ ಇತ್ತು, ಆದರೆ ಸ್ವಿಚ್ಚು ಮೊದಲು ಹಿಂದಿನದನ್ನು ಲಾಕ್ ಮಾಡಿದ ಮೇಲೆಯೇ ಮುಂದಿನದನ್ನು ಲಾಕ್ ಮಾಡುವುದು. ಮರ್ಸಿಡಿಸ್ ಜಿ ಕ್ಲಾಸ್‌ಗೆ ಮೂರು ಲಾಕ್. ಮೊದಲು ನಡುವಿನದು, ಆಮೇಲೆ ಹಿಂದಿನದು, ಕೊನೆಗೆ ಮುಂದಿನದು. ನಮ್ಮ ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡೂ ಕಡೆ ಲಾಕ್ ಇದೆ, ಆದರೆ ಅದನ್ನು ಚೆನ್ನಾಗಿ ಓಡಿಸುವವರನ್ನು ಗಮನಿಸು. ಹಿಂದಿನದರಲ್ಲಿ ಆಗುವ ಕೆಲಸಕ್ಕೆ ಮುಂದಿನದನ್ನು ಮುಟ್ಟುವುದಿಲ್ಲ.

ಮುಂದಿನದನ್ನು ಯಾಕೆ ಅಷ್ಟು ಹೆದರಿ ಬಳಸುತ್ತಾರೆ? ಮುಂದಿನ ಗಾಲಿಗೆ ಎರಡು ಕೆಲಸ, ಎಳೆಯುವುದು ಮತ್ತು ತಿರುಗುವುದು. ಲಾಕ್ ಆದ ಮುಂದಿನ ಆಕ್ಸಲ್ ನೇರವಾಗಿಯೇ ಹೋಗಲು ಹಟ ಹಿಡಿಯುತ್ತದೆ. ಸ್ಟಿಯರಿಂಗ್ ಕಲ್ಲಾಗುತ್ತದೆ. ನಿನ್ನ ಜೀಪಿಗೆ ಪವರ್ ಸ್ಟಿಯರಿಂಗೂ ಇಲ್ಲ. ಅದಕ್ಕಿಂತ ದೊಡ್ಡದು ಜಾಯಿಂಟಿನ ಭಯ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ನಕಲ್ ಒಳಗಿನ ಕ್ರಾಸ್ ಜಾಯಿಂಟ್ ತೀರಾ ಓರೆಯಲ್ಲಿ ನಿಂತಿರುತ್ತದೆ. ಆ ಹೊತ್ತಿಗೆ ಒಂದು ಗಾಲಿ ಬಂಡೆಗೆ ಸಿಕ್ಕಿ, ಇನ್ನೊಂದು ಮೇಲೆದ್ದರೆ, ಆಕ್ಸಲ್‌ಗೆ ಬಂದ ಅಷ್ಟೂ ಬಲ ಆ ಒಂದು ಜಾಯಿಂಟಿನ ಮೇಲೆ ಬೀಳುತ್ತದೆ. ಮೊದಲಾಗಿದ್ದರೆ ಜಾರುವ ಗಾಲಿ ಆ ಬಲವನ್ನು ಚೆಲ್ಲಿಬಿಡುತ್ತಿತ್ತು, ಶಾಫ್ಟು ಉಳಿಯುತ್ತಿತ್ತು. ಲಾಕರ್ ಹಾಕಿದ ದಿನದಿಂದ ಆ ರಕ್ಷಣೆ ಹೋಯಿತು ಅಂತ ತಿಳಿ.

ಈ ಮಾತು ಹಿಂದಿನ ಆಕ್ಸಲ್‌ಗೂ ಅನ್ವಯಿಸುತ್ತದೆ. ಅದು ಫುಲ್ ಫ್ಲೋಟಿಂಗ್ ಹೌದೋ ಅಲ್ಲವೋ ಅಂತ ಬಿಚ್ಚಿಸುವಾಗ ನೋಡಿಕೊ. ಫುಲ್ ಫ್ಲೋಟಿಂಗ್ ಆಗಿದ್ದರೆ ಶಾಫ್ಟ್ ಮುರಿದರೂ ಗಾಲಿ ಹಬ್ಬಿನ ಮೇಲೆ ನಿಂತಿರುತ್ತದೆ. ಅಲ್ಲದಿದ್ದರೆ ಮುರಿದ ಶಾಫ್ಟಿನ ಜೊತೆ ಗಾಲಿಯೂ ಹೊರಗೆ ಬರಬಹುದು. ಶಾಫ್ಟಿನ ಸ್ಪ್ಲೈನ್ ಹಲ್ಲುಗಳನ್ನು ಎಣಿಸಿ, ಬರೆದುಕೊಂಡು, ಆಮೇಲೆ ಲಾಕರಿಗೆ ದುಡ್ಡು ಕೊಡು. ಹಲ್ಲು ಹೊಂದದ ಲಾಕರ್ ತರಿಸಿಕೊಂಡು ಗೂಡಿನಲ್ಲಿಟ್ಟು ಕೂತವರನ್ನು ನಾನು ಬಲ್ಲೆ.

ಇಷ್ಟು ಹೇಳಿದ ಮೇಲೆ ಮುಂದಿನ ಆಕ್ಸಲ್‌ನ ಪರವಾಗಿಯೂ ನ್ಯಾಯವಾಗಿ ಮಾತಾಡಬೇಕು. ಮುಂದಿನದನ್ನೇ ಮೊದಲು ಲಾಕ್ ಮಾಡಿಸಿ ಸುಖವಾಗಿರುವವರಿದ್ದಾರೆ, ಅವರು ತಿಳಿಯದೆ ಮಾಡಿದವರಲ್ಲ. ಕೆಲವು ಗಾಡಿಗಳಲ್ಲಿ ಹಿಂದೆ ಮೊದಲೇ ಲಿಮಿಟೆಡ್ ಸ್ಲಿಪ್ ಇರುತ್ತದೆ, ಅಂದರೆ ಹಿಂದಿನ ಆಕ್ಸಲ್ ಆಗಲೇ ಅರ್ಧ ಕಟ್ಟಿದ ಹಾಗೆ. ಅಂಥವರಿಗೆ ಹೊಸ ಲಾಕರ್ ಮುಂದೆ ಹೋದರೆ ಲಾಭ ಹೆಚ್ಚು. ಇನ್ನು ಕೆಲವು ಗಾಡಿಗಳಲ್ಲಿ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಹಿಂದೆ ಇಡೀ ಆಕ್ಸಲ್. ಥಾರ್ ಹಾಗೆಯೇ. ಕೊರಕಲಿನಲ್ಲಿ ಹಿಂದಿನ ಆಕ್ಸಲ್ ಓಲಾಡಿ ಎರಡೂ ಗಾಲಿಯನ್ನು ನೆಲಕ್ಕೆ ಒತ್ತುತ್ತದೆ, ಮುಂದಿನ ಗಾಲಿ ಬೇಗ ಮೇಲೇಳುತ್ತದೆ. ಏಳುವ ಗಾಲಿ ಇರುವ ಕಡೆಗೇ ಲಾಕರ್ ಬೇಕು ಅನ್ನುವ ವಾದದಲ್ಲಿ ಹುರುಳಿದೆ. ಮೆಟ್ಟಿಲಿನಂಥ ಬಂಡೆ ಎದುರಾದಾಗ ಮೊದಲು ಹತ್ತಬೇಕಾದ್ದು ಮುಂದಿನ ಗಾಲಿಯೇ; ಲಾಕ್ ಆದ ಮುಂದಿನ ಆಕ್ಸಲ್ ಮೂತಿಯನ್ನು ಎಳೆದು ಮೇಲಿಡುತ್ತದೆ. ಹಿಂದಿನದು ಮಾತ್ರ ಲಾಕ್ ಆಗಿದ್ದರೆ ಅದು ಬೆನ್ನಿಗೆ ಬಿದ್ದು ನೂಕುತ್ತದೆ. ಕೆಸರಿನ ತಿರುವಿನಲ್ಲಿ ನೀನು ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೂ ಗಾಡಿ ನೆಟ್ಟಗೆ ಧರೆಗೆ ಹೋಗಿ ಮೂತಿ ಇಡುತ್ತದೆ.

ಇನ್ನೊಂದು ಲೆಕ್ಕ ದುಡ್ಡಿನದು. ನಿನ್ನ ಜೀಪಿನ ಮುಂದಿನ ಗಾಲಿಗಳಿಗೆ ಕೈಯಲ್ಲಿ ತಿರುಗಿಸುವ ಹಬ್ ಲಾಕ್ ಇದೆ. ಹಬ್ ಬಿಟ್ಟರೆ ಮುಂದಿನ ಆಕ್ಸಲ್ ಒಳಗೆ ಏನಿದ್ದರೂ ಅದು ಮಲಗಿದ ಹಾಗೆ; ಟಾರು ರಸ್ತೆಯಲ್ಲಿ ನಿನಗೆ ಅದರ ಸುದ್ದಿಯೇ ಇರುವುದಿಲ್ಲ. ಸ್ಪೈಡರ್ ಗೇರಿನ ಜಾಗದಲ್ಲಿ ಕೂರುವ ಅಗ್ಗದ ಆಟೋಮ್ಯಾಟಿಕ್ ಲಾಕರನ್ನು ಮುಂದೆ ಹಾಕಿಸಿ, ಹಬ್ ಬಿಟ್ಟುಕೊಂಡು ಊರೆಲ್ಲ ಓಡಾಡಿ, ತೋಟದ ಗೇಟಿನಲ್ಲಿ ಇಳಿದು ಹಬ್ ಹಾಕಿಕೊಂಡು ಹತ್ತಬಹುದು. ಅದೇ ಅಗ್ಗದ ಲಾಕರನ್ನು ಹಿಂದೆ ಹಾಕಿಸಿದರೆ ಅದು ದಿನದ ಇಪ್ಪತ್ನಾಲ್ಕು ಗಂಟೆಯೂ ನಿನ್ನ ಜೊತೆಗಿರುತ್ತದೆ. ಗಿಡ್ಡ ಜೀಪು, ಮಳೆಗೆ ನೆನೆದ ಟಾರು, ತಿರುವಿನ ನಡುವೆ ಆಕ್ಸಲೇಟರ್ ಬಿಟ್ಟು ಒತ್ತಿದ ಕ್ಷಣದಲ್ಲಿ ಲಾಕರ್ ಬಿಟ್ಟು ಹಿಡಿದು ಬಾಲ ಅಲುಗುತ್ತದೆ. ಚಾರ್ಮಾಡಿಯಲ್ಲಿ ಆ ಅಲುಗಾಟ ನಮಗೆ ಬೇಡ.

ಹಾಗಾಗಿ ನನ್ನ ಮಾತು ಇದು: ಹಿಂದಿನ ಆಕ್ಸಲ್ ಮೊದಲು, ಆದರೆ ಬೇಕೆಂದಾಗ ಹಾಕಿ ಬೇಡವೆಂದಾಗ ಬಿಡುವಂಥ ಲಾಕರ್ ಮಾತ್ರ. ಗಾಳಿಯಲ್ಲಿ ಕೆಲಸ ಮಾಡುವುದಿರಲಿ, ಕರೆಂಟಿನದಿರಲಿ, ಕೇಬಲ್ಲಿನದಿರಲಿ, ಸ್ವಿಚ್ಚೋ ಲಿವರೋ ನಿನ್ನ ಕೈಯಲ್ಲಿರಬೇಕು. ಅದಕ್ಕೆ ದುಡ್ಡು ಸಾಲದಿದ್ದರೆ ಈ ವರ್ಷ ಬಿಡು, ಮುಂದಿನ ಕಾಫಿ ಮಾರಿದ ಮೇಲೆ ನೋಡೋಣ. ಕಾಯಲು ಆಗುವುದೇ ಇಲ್ಲ ಅಂದರೆ ಮುಂದಿನದಕ್ಕೆ ಆ ಅಗ್ಗದ್ದು, ಹಬ್ಬಿನ ಶಿಸ್ತಿನ ಜೊತೆ. ಹಿಂದೆ ಅಗ್ಗದ್ದು ಮಾತ್ರ ಬೇಡ. ವೆಲ್ಡಿಂಗ್ ಅಂತೂ ಬೇಡವೇ ಬೇಡ.

ವೆಲ್ಡಿಂಗ್ ಮಾತು ಯಾಕೆ ಬಂತು ಅಂದರೆ, ಅದನ್ನು ಮಾಡಿದವನು ನಾನು. ನಿನ್ನ ವಯಸ್ಸಿಗಿಂತ ಎರಡು ವರ್ಷ ದೊಡ್ಡವನಿದ್ದೆ. ಸಕಲೇಶಪುರದ ಕಡೆ ಒಂದು ತೋಟದ ಜೀಪು ನನ್ನ ಕೈಯಲ್ಲಿತ್ತು. ಪ್ರತಿ ಮಳೆಗಾಲ ಒಂದೇ ಏರಿನಲ್ಲಿ ನಿಲ್ಲುತ್ತಿತ್ತು. ಹಿಂದಿನ ಹೌಸಿಂಗ್ ಬಿಚ್ಚಿ, ಸ್ಪೈಡರ್ ಗೇರುಗಳನ್ನು ಒಂದಕ್ಕೊಂದು ವೆಲ್ಡ್ ಮಾಡಿ ಕೂರಿಸಿದೆ. ಖರ್ಚು ರಾಡಿನದಷ್ಟೇ. ಆ ಏರನ್ನು ಜೀಪು ಮೇಕೆಯ ಹಾಗೆ ಹತ್ತಿತು. ಒಂದು ವಾರ ನನಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ.

ಎರಡನೇ ವಾರ ಆರಿದ್ರೆ ಮಳೆ ಹಿಡಿದಿತ್ತು. ಹಿಂದೆ ಆರು ಜನ ಆಳುಗಳು. ಹಳ್ಳದ ಕಡೆಗೆ ವಾಲಿದ ಓರೆ ರಸ್ತೆ, ಏರೂ ಅಲ್ಲ, ಇಳಿಜಾರೂ ಅಲ್ಲ, ನಿತ್ಯ ಓಡಾಡುವ ದಾರಿ. ಅಲ್ಲಿ ಯಾವತ್ತೂ ಜೀಪು ಸಿಕ್ಕಿಹಾಕಿಕೊಂಡಿರಲಿಲ್ಲ. ಆವತ್ತು ಹಿಂದಿನ ಎರಡೂ ಗಾಲಿ ಒಟ್ಟಿಗೆ ಹಿಡಿತ ಬಿಟ್ಟವು, ಬಾಲ ಸದ್ದಿಲ್ಲದೆ ಹಳ್ಳದ ಕಡೆ ಜಾರತೊಡಗಿತು. ಬ್ರೇಕ್ ಒತ್ತಿದರೆ ಇನ್ನೂ ಜಾರಿತು. ಒಂದು ಸಿಲ್ವರ್ ಮರಕ್ಕೆ ಹಿಂದಿನ ಬಂಪರ್ ಒರಗಿ ನಿಂತಿತು. ಆ ಮರ ಒಂದು ಮಾರು ಆಚೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಕೆಲವು ರಾತ್ರಿ ಎಚ್ಚರವಾಗುತ್ತದೆ. ಇಳಿದವರಲ್ಲಿ ಒಬ್ಬರೂ ನನ್ನನ್ನು ಬೈಯಲಿಲ್ಲ. ಗೇರು ಕಟ್ಟಿರುವುದು ಅವರಿಗೆ ಗೊತ್ತೇ ಇರಲಿಲ್ಲ.

ಆದದ್ದೇನು ಅಂತ ಆಮೇಲೆ ಯೋಚಿಸಿದೆ. ಲಾಕ್ ಇಲ್ಲದ ಆಕ್ಸಲ್‌ನಲ್ಲಿ ಒಂದು ಗಾಲಿ ಜಾರಿ ತಿರುಗುತ್ತಿದ್ದರೂ ಇನ್ನೊಂದು ಗಾಲಿ ಸುಮ್ಮನೆ ಕೂತಿರುತ್ತದೆ. ಗೂಟ ಹೊಡೆದ ಹಾಗೆ ಅದು ಗಾಡಿಯನ್ನು ಪಕ್ಕಕ್ಕೆ ಜಾರದಂತೆ ಹಿಡಿದಿರುತ್ತದೆ. ತಿರುಗುತ್ತಿರುವ ಟಯರಿಗೆ ಪಕ್ಕದ ಹಿಡಿತ ಇರುವುದಿಲ್ಲ. ಎರಡನ್ನೂ ಒಟ್ಟಿಗೆ ತಿರುಗಿಸಿದೆ ಅಂದರೆ ಆ ಗೂಟ ಕಿತ್ತ ಹಾಗೆ. ಮುಂದಿನ ಆಕ್ಸಲ್ ಲಾಕ್ ಆಗಿದ್ದರೆ ಮೂತಿ ಜಾರುತ್ತದೆ, ಹಿಂದಿನದಾಗಿದ್ದರೆ ಬಾಲ. ನೇರ ಏರಿನಲ್ಲಿ ಕಾಪಾಡುವ ಅದೇ ಲಾಕರ್ ಓರೆಯಲ್ಲಿ ಕೊಲ್ಲಬಹುದು. ಆದ್ದರಿಂದ ಓರೆ ರಸ್ತೆಗೆ ಬರುವ ಮೊದಲೇ ಲಾಕ್ ಬಿಡಬೇಕು, ಬಿಟ್ಟದ್ದು ನಿಜವಾಗಿ ಬಿಟ್ಟಿದೆಯೋ ಅಂತ ನೋಡಬೇಕು. ಕೆಲವೊಮ್ಮೆ ಸ್ವಿಚ್ ಆಫ್ ಮಾಡಿದರೂ ಹಲ್ಲು ಬಿಗಿದುಕೊಂಡಿರುತ್ತದೆ. ಸ್ಟಿಯರಿಂಗ್ ಸ್ವಲ್ಪ ಅತ್ತಿತ್ತ ಮಾಡಿ ನಾಲ್ಕು ಮಾರು ಹೋದರೆ ಬಿಡುತ್ತದೆ.

ಆ 2020ರ ಥಾರ್‌ನ ಹಿಂದಿನ ಲಾಕರಿಗೆ ಸ್ವಿಚ್ಚಿಲ್ಲವಲ್ಲ ಅಂತ ನೀನು ಕೇಳಬಹುದು. ಈಟನ್ ಕಂಪನಿಯ ಆ ಲಾಕರಿನ ಒಳಗೆ ತೂಕದ ಗುಂಡುಗಳಿವೆ. ಎಡಬಲ ಗಾಲಿಗಳ ತಿರುಗಾಟದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಅದು ತಾನಾಗಿ ಹಿಡಿಯುತ್ತದೆ, ಗಾಡಿಯ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್ ದಾಟಿದರೆ ಹಿಡಿಯುವುದೇ ಇಲ್ಲ. ಹಾಗಾಗಿ ಅದು ಟಾರಿನ ಮೇಲೆ ತೊಂದರೆ ಕೊಡುವುದಿಲ್ಲ. ಆದರೆ ಓರೆ ಕೆಸರಿನಲ್ಲಿ ಗಾಲಿ ಜೋರಾಗಿ ತಿರುಗಿತೋ, ನಿನ್ನನ್ನು ಕೇಳದೆ ಹಿಡಿದುಬಿಡುತ್ತದೆ. ಅಂಥ ಗಾಡಿ ಓಡಿಸುವವರು ಆಕ್ಸಲೇಟರ್ ಮೇಲಿನ ಕಾಲನ್ನೇ ಲಾಕಿನ ಸ್ವಿಚ್ ಅಂತ ಭಾವಿಸಬೇಕು.

ಈಗ ನೀನು ಮಾಡಬೇಕಾದ ಕೆಲಸ. ದುಡ್ಡು ಕೊಡುವ ಮೊದಲು ಈ ಒಂದು ಮಳೆಗಾಲ ನೋಡು. ಮನೆಯಿಂದ ಕಣದವರೆಗೆ, ಕಣದಿಂದ ಮೇಲಿನ ಏಲಕ್ಕಿ ತೋಟದವರೆಗೆ ಜೀಪು ಎಲ್ಲೆಲ್ಲಿ ನಿಲ್ಲುತ್ತದೆ, ಯಾವ ಗಾಲಿ ಮೊದಲು ತಿರುಗುತ್ತದೆ ಅಂತ ಬರೆದಿಡು. ಒಳಗೆ ಕೂತವನಿಗೆ ಅದು ಗೊತ್ತಾಗುವುದಿಲ್ಲ. ಯಾರನ್ನಾದರೂ ಕೆಳಗೆ ನಿಲ್ಲಿಸು, ಆದರೆ ಗಾಡಿಯ ಹಿಂದೆ ಅಲ್ಲ, ಕೆಳಗಿನ ಮಗ್ಗುಲಲ್ಲೂ ಅಲ್ಲ. ನಿನ್ನ ಜೀಪಿಗೆ ಮುಂದೆ ಹಿಂದೆ ಎರಡೂ ಕಡೆ ಇಡೀ ಆಕ್ಸಲ್, ಪಟ್ಟಿ ಸ್ಪ್ರಿಂಗು. ಹಳೆಯ ಪಟ್ಟಿಗಳು ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಆಕ್ಸಲ್ ಓಲಾಡುವುದೇ ಇಲ್ಲ, ಸಣ್ಣ ಗುಂಡಿಗೂ ಗಾಲಿ ಮೇಲೇಳುತ್ತದೆ. ಪಟ್ಟಿ ಬಿಚ್ಚಿ, ಉಜ್ಜಿ, ಗ್ರೀಸ್ ಹಾಕಿಸಿ ನೋಡು. ಅಷ್ಟಕ್ಕೇ ನಾಲ್ಕು ಜಾಗದಲ್ಲಿ ಎರಡು ಕಡಿಮೆಯಾಗಬಹುದು.

ಟಯರಿನದೂ ಹಾಗೆಯೇ. ಹಲ್ಲು ಸವೆದ ಟಯರಿಗೆ ಲಾಕರ್ ಹಾಕಿಸಿದರೆ ಎರಡು ಗಾಲಿ ಜಾರುತ್ತವೆ, ಅಷ್ಟೇ. ತೋಟದೊಳಗೆ ಹೋಗುವಾಗ ಗಾಳಿಯನ್ನು 28ರಿಂದ 18ಕ್ಕೆ ಇಳಿಸಿ ನೋಡು, ಟಯರು ನೆಲದ ಮೇಲೆ ಅಗಲವಾಗಿ ಕೂರುತ್ತದೆ, ಕಲ್ಲಿನ ಮೂಲೆಯನ್ನು ಕಚ್ಚಿಕೊಳ್ಳುತ್ತದೆ. ವಾಪಸ್ ಟಾರಿಗೆ ಬರುವ ಮೊದಲು ತುಂಬಿಸಲು ಒಂದು ಸಣ್ಣ ಪಂಪು ಗಾಡಿಯಲ್ಲಿರಲಿ.

ಒಂದು ಹಳೆಯ ಉಪಾಯವೂ ಇದೆ. ಗಾಲಿ ತಿರುಗತೊಡಗಿದಾಗ ಆಕ್ಸಲೇಟರ್ ಹಿಡಿದುಕೊಂಡೇ ಎಡಗಾಲಿನಲ್ಲಿ ಬ್ರೇಕನ್ನು ಹಗುರವಾಗಿ ಮುಟ್ಟಬೇಕು. ಜಾರುವ ಗಾಲಿಗೆ ತಡೆ ಬಿದ್ದಷ್ಟು ಬಲ ಆ ಕಡೆಯ ಗಾಲಿಗೂ ಸಿಗುತ್ತದೆ. ಜಿಮ್ನಿಯಂಥ ಹೊಸ ಗಾಡಿಗಳಲ್ಲಿ ಕಂಪ್ಯೂಟರು ಒಂದೊಂದೇ ಗಾಲಿಗೆ ಬ್ರೇಕ್ ಹಾಕಿ ಮಾಡುವುದು ಇದನ್ನೇ, ಇನ್ನೂ ನಾಜೂಕಾಗಿ. ಹ್ಯಾಂಡ್‌ಬ್ರೇಕ್ ಎಳೆದರೂ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ನಿನ್ನ ಜೀಪಿನದು ಎಲ್ಲಿ ಹಿಡಿಯುತ್ತದೆ ಅಂತ ಮೊದಲು ಕೆಳಗೆ ಮಲಗಿ ನೋಡು. ವಿಲ್ಲಿಸ್ ಕಾಲದ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಇದ್ದದ್ದು ಗಾಲಿಯಲ್ಲಲ್ಲ, ಗೇರ್‌ಬಾಕ್ಸಿನ ಹಿಂದೆ ಶಾಫ್ಟಿನ ಮೇಲೆ. ಅಲ್ಲಿ ಹಿಡಿದರೆ ಡಿಫರೆನ್ಷಿಯಲ್‌ಗೆ ಮೊದಲೇ ಹಿಡಿದ ಹಾಗೆ, ಈ ಕೆಲಸಕ್ಕೆ ಬಾರದು.

ಲಾಕರ್ ಬಂದ ಮೇಲೆ ಅದನ್ನು ಹಾಕುವ ಹೊತ್ತು ಗುಂಡಿಗೆ ಬೀಳುವ ಮೊದಲು. ಗಾಲಿ ತಿರುಗುತ್ತಿರುವಾಗ ಸ್ವಿಚ್ ಒತ್ತಿದರೆ ಒಳಗೆ ಹಲ್ಲು ಹಲ್ಲಿಗೆ ಬಡಿಯುತ್ತದೆ. ನಿಲ್ಲು, ಏರನ್ನು ನೋಡು, ಲೋ ಗೇರಿಗೆ ಹಾಕು, ಲಾಕ್ ಮಾಡು, ಸ್ಟಿಯರಿಂಗ್ ನೇರ ಇಟ್ಟು ಮೆಲ್ಲಗೆ ಹತ್ತು. ಗಾಲಿ ತಿರುಗಿಸಿ ನೆಲ ಬಗೆಯಬೇಡ. ನಮ್ಮ ಕಡೆಯ ರಸ್ತೆಗಳು ಹಾಳಾಗುವುದು ಹೀಗೇ ಅಲ್ಲವೇ? ಒಂದು ಜೀಪು ನಿಂತಲ್ಲೇ ಗಾಲಿ ತಿರುಗಿಸಿ ಮೊಣಕಾಲುದ್ದದ ಗುಂಡಿ ತೋಡುತ್ತದೆ, ರಾತ್ರಿಯ ಮಳೆನೀರು ಆ ಗುಂಡಿಯನ್ನೇ ದಾರಿ ಮಾಡಿಕೊಳ್ಳುತ್ತದೆ, ಪುಷ್ಯ ಮಳೆ ಮುಗಿಯುವಷ್ಟರಲ್ಲಿ ಅದು ಕೊರಕಲು. ಕೊಡಚಾದ್ರಿಯ ಜೀಪು ದಾರಿಯನ್ನು ನೀನೇ ನೋಡಿದ್ದೀಯ. ಲಾಕರ್ ಇದ್ದವನು ಗಾಲಿ ತಿರುಗಿಸದೆ ಹತ್ತಬಹುದು. ನಾನು ನಿನಗೆ ಲಾಕರ್ ಬೇಕು ಅನ್ನುವುದಕ್ಕೆ ಅರ್ಧ ಕಾರಣ ಇದು. ಆ ರಸ್ತೆ ನಿನ್ನದೊಬ್ಬನದಲ್ಲ, ಮೇಲಿನ ಮೂರು ಮನೆಯವರೂ ಅದರಲ್ಲೇ ಆಸ್ಪತ್ರೆಗೆ ಇಳಿಯಬೇಕು.

ಹತ್ತುವಾಗ ನಡುವಲ್ಲಿ ನಿಂತುಬಿಟ್ಟರೆ ತಿರುಗಿಸಿಕೊಳ್ಳಲು ಹೋಗಬೇಡ. ರಿವರ್ಸ್ ಗೇರಿನಲ್ಲಿ ಬಂದ ದಾರಿಯಲ್ಲೇ ನೇರ ಇಳಿ. ಇಳಿಯುವಾಗ ಕ್ಲಚ್ ಒತ್ತಬೇಡ.

ಆರಿದ್ರೆ ಹಿಡಿದ ಮೇಲೆ ನಾನೇ ಒಂದು ವಾರ ಬಂದು ಇರುತ್ತೇನೆ. ಕಣದ ಮೇಲಿನ ಆ ಎಡತಿರುವಿನಲ್ಲಿ ಕೊಡೆ ಹಿಡಿದು ಧರೆಯ ಮೇಲೆ ನಿಲ್ಲುತ್ತೇನೆ, ನೀನು ಖಾಲಿ ಜೀಪಿನಲ್ಲಿ ಒಮ್ಮೆ, ನಾಲ್ಕು ಚೀಲ ಗೊಬ್ಬರ ಹೇರಿಕೊಂಡು ಒಮ್ಮೆ ಹತ್ತು. ಯಾವ ಗಾಲಿ ತಿರುಗುತ್ತದೆ ಅಂತ ಕೂಗಿ ಹೇಳುತ್ತೇನೆ. ಅಷ್ಟರೊಳಗೆ ಪಟ್ಟಿಗೆ ಗ್ರೀಸ್ ಹಾಕಿಸಿರು, ಹಬ್ ಎರಡೂ ಸಲೀಸಾಗಿ ತಿರುಗುವ ಹಾಗೆ ಮಾಡಿಸಿರು. ಹಳೆಯ ಗೋಣಿಚೀಲ ನಾಲ್ಕು ಎತ್ತಿಡು, ಗಾಲಿಯ ಕೆಳಗೆ ಹಾಕಲು ಬೇಕಾಗುತ್ತದೆ.